ಶನಿವಾರ ರೇಂಜಿಗೆ ಹೋಗ್ತೀರಂತೆ

ಹೆಂಡತಿ ಕಡೆಯಿಂದ ಗ್ರೀನ್ ಕಾರ್ಡ್ ಸಿಕ್ಕಿ ಡಲ್ಲಾಸ್‌ಗೆ ಬಂದು ಎರಡು ತಿಂಗಳಾಯಿತು, ಆಫೀಸಿನವರು ಶೂಟಿಂಗ್ ರೇಂಜಿಗೆ ಕರೆದಿದ್ದಾರೆ, ಸಣ್ಣ ಪಿಸ್ತೂಲುಗಳಲ್ಲಿ ಯಾವುದನ್ನು ಹಿಡಿದು ನೋಡಲಿ, ಯಾವ ಗುಂಡು ಕೊಳ್ಳಲಿ, ಏನು ಹಾಕಿಕೊಂಡು ಹೋಗಲಿ ಅಂತ ಕೇಳಿದ್ದೀರಿ. ನೀವು ಸಾಗರದ ಕಡೆಯವರು, ನಾನು ಕೊಪ್ಪದವನು. ಕೋವಿ ಅಂದರೇನು ಅಂತ ನಿಮಗೆ ಹೇಳಬೇಕಾಗಿಲ್ಲ.

ಕುತ್ತಿಗೆ ಮುಚ್ಚುವ ಅಂಗಿ ಹಾಕಿಕೊಳ್ಳಿ. ಪಿಸ್ತೂಲಿನಿಂದ ಸಿಡಿಯುವ ಬಿಸಿ ಖಾಲಿ ತೋಟಾ ಕಾಲರ್ ಒಳಗೆ ಬಿದ್ದರೆ ಕುಣಿಸಿಬಿಡುತ್ತದೆ. ಆಗಲೂ ಪಿಸ್ತೂಲಿನ ಮೂತಿ ಗುರಿಯ ಕಡೆಗೇ ಇರಬೇಕು. ಕಿವಿಗೆ, ಕಣ್ಣಿಗೆ ಬೇಕಾದ್ದು ಅಲ್ಲೇ ಬಾಡಿಗೆಗೆ ಸಿಗುತ್ತದೆ.

2007ರಲ್ಲಿ ನಾನು ಬಂದ ಹೊಸತರಲ್ಲಿ, ಚಿಕ್ಕದಾದರೆ ಸುಲಭ ಅಂದುಕೊಂಡು ಐದೇ ಗುಂಡಿನ .38 ರಿವಾಲ್ವರ್ ಕೇಳಿ ತಗೊಂಡೆ. ಅರ್ಧ ಕಿಲೋನೂ ಇಲ್ಲ. ಎರಡು ದಿನ ಅಂಗೈ ನೋವು! ಹಗುರ ಆದಷ್ಟೂ ಒದೆತ ಜಾಸ್ತಿ. ಆಗ ನಾನು ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿದ್ದೆ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ ಆ ವೀಸಾದವರು ಬಂದೂಕು, ಗುಂಡು ಇಟ್ಟುಕೊಳ್ಳುವಂತಿಲ್ಲ ಅಂತ ಇಲ್ಲಿನ ಫೆಡರಲ್ ಕಾನೂನು. ನನಗೆ ಗೊತ್ತೇ ಇರಲಿಲ್ಲ. ನಿಮ್ಮ ಜೊತೆ ಅಂಥವರು ಯಾರಾದರೂ ಬರುವುದಾದರೆ ಮೊದಲು ವಕೀಲರನ್ನು ಕೇಳಲಿ.

ನೀವು ಸಣ್ಣ ಗುಂಡಿನ .22 ಪಿಸ್ತೂಲಿನಲ್ಲಿ ಕೈ ಕುದುರಿಸಿ, ಆಮೇಲೆ ಗ್ಲಾಕ್ 19, ಕೊನೆಗೆ ಅದಕ್ಕಿಂತ ಚಿಕ್ಕದಾದ ಸಿಗ್ ಪಿ365 ಹಿಡಿಯಿರಿ. ಕೊನೆಯ ಎರಡಕ್ಕೂ ಒಂದೇ 9 ಎಂಎಂ ಗುಂಡು ಹಾಕಿದರೆ ವ್ಯತ್ಯಾಸ ಮಣಿಕಟ್ಟಿಗೇ ಗೊತ್ತಾಗುತ್ತದೆ. 115 ಗ್ರೇನ್‌ನ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ), ತಾಮ್ರದ ಹೊದಿಕೆಯ ಗುಂಡು 50ರ ಡಬ್ಬಿಯಲ್ಲಿ ಅಗ್ಗಕ್ಕೆ ಬರುತ್ತದೆ. 147 ಗ್ರೇನ್‌ನದು ಭಾರ, ನಿಧಾನ. ಚುರುಕ್ಕಂತ ಒದೆಯುವ ಬದಲು ಮೆಲ್ಲಗೆ ನೂಕಿದ ಹಾಗಿರುತ್ತೆ. ತುದಿ ಟೊಳ್ಳಾಗಿರುವ ಹಾಲೋ ಪಾಯಿಂಟ್ ಗುಂಡು ದುಬಾರಿ, ಕಾಗದಕ್ಕೆ ಹೊಡೆಯೋಕೆ ಸುಮ್ನೆ ದಂಡ. ಒಳಾಂಗಣ ರೇಂಜಿನಲ್ಲಿ ಆಯಸ್ಕಾಂತ ಹಿಡಿದು ಗುಂಡಿನಲ್ಲಿ ಉಕ್ಕು ಇದೆಯಾ ಅಂತ ನೋಡುವುದುಂಟು.

ಇನ್ನು ನೀವು ಕೇಳದೇ ಇರುವ ವಿಷಯ. 2015ರಲ್ಲಿ ಊರಿಗೆ ಹೊರಟಾಗ ರೇಂಜಿಗೆ ಒಯ್ಯುತ್ತಿದ್ದ ಬೆನ್ನುಚೀಲವನ್ನೇ ಮಡಚಿ ಸೂಟ್‌ಕೇಸಿಗೆ ತುರುಕಿದ್ದೆ. ಬೆಂಗಳೂರಲ್ಲಿ ಎರಡು ದಿನ ಇದ್ದು, ಮಂಗಳೂರಿನ ವಿಮಾನಕ್ಕೆ ಅದನ್ನೇ ಹೆಗಲಿಗೆ ಹಾಕಿಕೊಂಡೆ. ತಪಾಸಣೆಯಲ್ಲಿ ಚೀಲ ನಿಂತಿತು. ಪಕ್ಕದ ಜೇಬಿನ ಹೊಲಿಗೆ ಬಿಟ್ಟಿತ್ತು. ಅಲ್ಲಿಂದ ಅಸ್ತರಿನೊಳಗೆ ಜಾರಿದ್ದ ಒಂದು 9 ಎಂಎಂ ಗುಂಡು, ಅದೂ ಹಾರಿಸದ್ದು. ನಮ್ಮ 1959ರ ಆಯುಧ ಕಾಯ್ದೆಯಡಿ ಕೇಸು ಹಾಕೋಕೆ ಲೈಸೆನ್ಸ್ ಇಲ್ಲದ ಒಂದೇ ಗುಂಡು ಸಾಕು, ಪಿಸ್ತೂಲು ಇರಲೇಬೇಕಂತಿಲ್ಲ. ಆ ರಾತ್ರಿ ಠಾಣೆಯ ಬೆಂಚಿನ ಮೇಲೆ ಕಳೆಯಿತು. ಗೊತ್ತಿಲ್ಲದೆ ಉಳಿದಿದ್ದು ಅಂತ ಹೈಕೋರ್ಟು ಒಪ್ಪಿ ಕೇಸು ರದ್ದು ಮಾಡುವ ಹೊತ್ತಿಗೆ ಎರಡು ವರ್ಷ.

ಅಪ್ಪ ರಾತ್ರಿ ಬಸ್ಸು ಹಿಡಿದು ಬಂದರು. ತೋಟಕ್ಕೆ ಬೀಳುವ ಮಂಗ, ಹಂದಿಗೆ ಅಂತ ಮೂವತ್ತು ವರ್ಷದಿಂದ ಅವರ ಹತ್ತಿರ ಲೈಸೆನ್ಸಿನ ಕೋವಿ ಇತ್ತು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ರಸೀದಿ ತರೋರು. ತೋಟಾಗಳಿಗೇ ಒಂದು ನೋಟುಬುಕ್ಕು: ಕೊಂಡದ್ದು, ಹೊಡೆದದ್ದು, ಉಳಿದದ್ದು. ಅಂಥ ಮನುಷ್ಯ ಬೆಳಿಗ್ಗೆ ಇನ್‌ಸ್ಪೆಕ್ಟರ್ ಮುಂದೆ ಕೈ ಮುಗಿದು ನಿಂತರು. ಆಟೋದಲ್ಲಿ ಕೂತ ಮೇಲೆ ಒಂದೇ ಮಾತು ಕೇಳಿದರು. "ಎಣಿಸಲಿಲ್ವೇನೋ?"

ಕೇಸು ಮುಗಿಯುವ ಮೊದಲೇ ಅಪ್ಪ ಹೋದರು. ಕೋವಿಯನ್ನು ಅಮ್ಮ ಠಾಣೆಗೆ ಕೊಟ್ಟರು. ನೋಟುಬುಕ್ಕು ನನ್ನ ಮೇಜಿನಲ್ಲಿದೆ.

ರೇಂಜಿಗೆ ಅಂತಲೇ ಒಂದು ಚೀಲ ಬೇರೆ ಇಟ್ಟುಕೊಳ್ಳಿ, ಅದು ವಿಮಾನ ಹತ್ತಲೇಬಾರದು. ಮನೆಗೆ ಬಂದ ಮೇಲೆ ಪ್ಯಾಂಟಿನ ಜೇಬನ್ನೂ ತಿರುವಿ ಕೊಡವಿ. ಡಿಸೆಂಬರಿಗೆ ಸಾಗರಕ್ಕೆ ಹೋಗ್ತೀನಿ ಅಂದಿದ್ದೀರಲ್ವಾ? ಅಷ್ಟೊತ್ತಿಗೆ ಗೊನೆ ಕೊಯ್ಲು ನಡೆದಿರುತ್ತೆ, ಅಂಗಳದ ತುಂಬ ಅಡಿಕೆ ಒಣಗ್ತಿರುತ್ತೆ. ಒಂದು ಫೋಟೋ ಕಳಿಸಿ.