ಮುಂಬೈಯಲ್ಲಿ ಬೆಳೆಯುವ ಮಕ್ಕಳಿಗೆ ದುಡ್ಡಿನ ಬೆಲೆಯ ಜೊತೆ ಕೊಡುವ ಗುಣವನ್ನೂ ಕಲಿಸುವುದು ಹೇಗೆ?

ವಾರಕ್ಕೊಮ್ಮೆ ಮಗುವಿನ ಕೈಗೆ ಸ್ವಲ್ಪ ನಗದು ಕೊಡಿ. ಯಾರಿಗಾದರೂ ಕೊಡುವುದಿದ್ದರೆ ಅದರಲ್ಲೇ ಕೊಡಲಿ.

ನಾವು ಫೋನಿನಲ್ಲಿ ಸ್ಕ್ಯಾನ್ ಮಾಡಿದಾಗ ದುಡ್ಡು ಖರ್ಚಾಗುವುದು ಮಗುವಿಗೆ ಕಾಣುವುದೇ ಇಲ್ಲ. ಕೈಯಲ್ಲಿರುವ ನೋಟು ಹಾಗಲ್ಲ. ಮಾಟುಂಗಾ ಮಾರ್ಕೆಟ್ಟಿನಲ್ಲಿ 50 ರೂಪಾಯಿ ಹಿಡಿದು ನಿಂತ ಮಗು, ವಡಾಪಾವ್ ತಿಂದರೆ ಬಣ್ಣದ ಪೆನ್ನಿಗೆ ಸಾಲದು ಅಂತ ತಾನೇ ಲೆಕ್ಕ ಹಾಕುತ್ತದೆ. ಕೊಡುವುದೂ ಅಷ್ಟೇ. ದೇವಸ್ಥಾನದ ಹುಂಡಿಗೆ ಹಾಕಲು ನೀವು ಹತ್ತು ರೂಪಾಯಿ ಕೊಟ್ಟರೆ ಅದು ನಿಮ್ಮ ಕಾಣಿಕೆ, ಮಗು ಸುಮ್ನೆ ತಲುಪಿಸುತ್ತದೆ, ಅಲ್ವಾ? ತನ್ನ ಪಾಲಿನಿಂದ ತೆಗೆದಾಗಲೇ ಕೊಡೋದು ಅಂದರೇನು ಅಂತ ಗೊತ್ತಾಗುವುದು. ಯಾರಿಗೆ, ಎಷ್ಟು ಅಂತ ಮಗುವೇ ಆರಿಸಲಿ. ಒತ್ತಾಯ ಮಾಡಿದರೆ ದಂಡ ಕಟ್ಟಿದ ಹಾಗಾಗುತ್ತದೆ.

ಮಳೆಗಾಲದಲ್ಲಿ ಮೇಲಿನ ಮಹಡಿಯ ಅಜ್ಜಿಗೆ ಹಾಲು ತಂದುಕೊಡುವುದೂ ನೆರವೇ. ಅದಕ್ಕೆ ಮಾತ್ರ ದುಡ್ಡು ಕೊಡಬೇಡಿ. ಕೊಟ್ಟರೆ ಮುಂದಿನ ಸಲ ಮೊದಲು ಎಷ್ಟು ಕೊಡ್ತೀರಿ ಅಂತ ಕೇಳುತ್ತದೆ.

ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 10 ವರ್ಷ ತುಂಬಿದ ಮಕ್ಕಳು, ಬ್ಯಾಂಕು ಒಪ್ಪಿದರೆ, ತಾವೇ ಉಳಿತಾಯ ಖಾತೆ ತೆರೆದು ನಡೆಸಬಹುದು. ಪಾಸ್‌ಬುಕ್ಕನ್ನು ಮಗುವಿನ ಕೈಯಲ್ಲೇ ಕೊಟ್ಟು ಎಂಟ್ರಿ ಮಾಡಿಸಿ.