ದಕ್ಕೆಯ ಹೂಳು ತೆಂಗಿನ ಬುಡಕ್ಕೆ ಆದೀತೇ?

ಮಲ್ಪೆಯ ಓದುಗರೇ, ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದವರಿಗೆ ತಿಳಿಯಲಿ ಅಂತ ನಿಮ್ಮ ಕಾಗದದ ಸಾರ ಇಷ್ಟು. ಹೋದ ಸಂಚಿಕೆಯಲ್ಲಿ ನಾವು ಬೋಟಿನ ತಳಕ್ಕೆ ಬಳಿಯುವ ಬಣ್ಣದ ವಿಷದ ಬಗ್ಗೆ ಬರೆದಿದ್ದೆವು. ಆ ವಿಷ 2008ರಲ್ಲೇ ನಿಷೇಧ ಆಗಿದೆ, ಸತ್ತ ಹಾವನ್ನು ಯಾಕೆ ಹೊಡೆಯುತ್ತೀರಿ ಅಂತ ನಿಮ್ಮ ಮೊದಲ ಪ್ರಶ್ನೆ. ಬಣ್ಣ ಬಿಟ್ಟರೆ ಡೀಸೆಲ್ ದುಡ್ಡು ನೀವು ಕೊಡ್ತೀರಾ ಅಂತ ಎರಡನೆಯದು. ಕೊನೆಗೆ, ಹಾಳೆಯ ಮೂಲೆಯಲ್ಲಿ ಸಣ್ಣಕ್ಕೆ, ದಕ್ಕೆಯಿಂದ ಎತ್ತಿದ ಹೂಳನ್ನು ತೆಂಗಿನ ಬುಡಕ್ಕೆ ಹಾಕಬಹುದಾ ಅಂತ. ಕೇಳಬೇಕಾದ್ದನ್ನು ಮೂಲೆಯಲ್ಲಿ ಕೇಳಿದ್ದೀರಿ.

ಮೊದಲು ನಮ್ಮ ತಪ್ಪು. ಚಿತ್ರದ ಕೆಳಗೆ '1982ರಲ್ಲಿ ಎಲ್ಲ ಕಡೆ ನಿಷೇಧ' ಎಂದು ಅಚ್ಚಾಗಿತ್ತು. ಅದು ಫ್ರಾನ್ಸಿನ ಕಥೆ ಮಾತ್ರ, ಅದೂ 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ. ಹಿಡಿದುಕೊಟ್ಟಿದ್ದಕ್ಕೆ ಥ್ಯಾಂಕ್ಸ್.

ಆ 1982ರ ಹಿಂದೆ ಏನಾಯಿತು ಎನ್ನುವುದು ಬೋಟಿನವರಿಗೆ ಗೊತ್ತಿರಬೇಕಾದ ಸಂಗತಿ. ಫ್ರಾನ್ಸಿನ ಆರ್ಕಶೋಂ ಕೊಲ್ಲಿಯಲ್ಲಿ ಸಿಂಪಿ ಸಾಕುವುದೇ ಜನರ ಕಸುಬು. ಮುತ್ತಿನ ಸಿಂಪಿ ಅಲ್ಲ, ತಿನ್ನುವ ಸಿಂಪಿ. 1970ರ ದಶಕದ ಕೊನೆಗೆ ಅಲ್ಲಿ ಮರಿ ಸಿಂಪಿ ನಿಲ್ಲುವುದೇ ನಿಂತುಹೋಯಿತು. ಬೆಳೆದವುಗಳ ಚಿಪ್ಪು ಇಟ್ಟಿಗೆಯ ಹಾಗೆ ದಪ್ಪ, ಒಳಗೆ ಪದರ ಪದರ ಟೊಳ್ಳು, ಆ ಟೊಳ್ಳಿನಲ್ಲಿ ಲೋಳೆ, ಮಾಂಸ ನೋಡಿದರೆ ಒಂದು ಚಮಚ. ವರ್ಷಕ್ಕೆ ಹತ್ತು ಸಾವಿರ ಟನ್ ದಾಟುತ್ತಿದ್ದ ಬೆಳೆ 1981ರ ಹೊತ್ತಿಗೆ ಮೂರು ಸಾವಿರಕ್ಕೆ ಇಳಿಯಿತು. ಫ್ರಾನ್ಸಿನ ವಿಜ್ಞಾನಿ ಕ್ಲೋಡ್ ಅಲ್ಜಿಯು ಮತ್ತು ಅವರ ಜೊತೆಯವರು ಬೆರಳು ತೋರಿಸಿದ್ದು ಪಕ್ಕದಲ್ಲೇ ಸಾಲಾಗಿ ನಿಂತಿದ್ದ ಮೋಜಿನ ದೋಣಿಗಳ ಕಡೆಗೆ. ಅವುಗಳ ತಳಕ್ಕೆ ಬಳಿದಿದ್ದ ಬಣ್ಣದಲ್ಲಿ ಟ್ರೈಬ್ಯುಟೈಲ್ ಟಿನ್ ಇತ್ತು. ಟಿಬಿಟಿ ಅನ್ನೋಣ. ತವರದಿಂದ ಮಾಡಿದ ವಿಷ. ಬಣ್ಣ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಸವೆಯುತ್ತ ವಿಷ ಬಿಡುತ್ತದೆ, ಚಿಪ್ಪಿನ ಹುಳು ಹತ್ತಿರ ಸುಳಿಯುವುದಿಲ್ಲ. ನಿಷೇಧ ಬಂದದ್ದೇ ಮರಿ ಸಿಂಪಿ ಮತ್ತೆ ನಿಲ್ಲತೊಡಗಿತು.

ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಇನ್ನೂ ವಿಚಿತ್ರ. ಬಂಡೆಗೆ ಅಂಟಿಕೊಂಡಿರುವ ಕಡಲ ಬಸವನಹುಳುಗಳಲ್ಲಿ ಹೆಣ್ಣಿಗೆ ಗಂಡಿನ ಅಂಗ ಬೆಳೆಯುತ್ತಿತ್ತು. ಮೊಟ್ಟೆ ಹೊರಬರುವ ದಾರಿ ಕಟ್ಟಿಕೊಂಡು ಹೆಣ್ಣುಗಳು ಸಾಯುತ್ತಿದ್ದವು. ಇದಕ್ಕೆ ಟಿಬಿಟಿಯೇ ಕಾರಣ ಎಂದು 1986ರಲ್ಲಿ ಬ್ರಯಾನ್ ಮತ್ತು ಗಿಬ್ಸ್ ಎಂಬ ವಿಜ್ಞಾನಿಗಳು ತೋರಿಸಿದರು. ಎಷ್ಟು ಬೇಕು ಅಂದುಕೊಂಡಿರಿ? ಒಂದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲ, ಒಂದು ಮೀಟರ್ ಆಳದ ಕೆರೆಗೆ ಒಂದೆರಡು ಗ್ರಾಂ ಹಾಕಿ ಕಲಸಿದರೆ ಸಾಕು. ದೂರದ ಮಾತು ಅನ್ನಬೇಡಿ. ನಿಮ್ಮದೇ ಕಡಲಿನ ಗೋವಾದ ಮರ್ಮುಗಾವ್ ಬಂದರಿನ ಬಸವನಹುಳುಗಳಲ್ಲೂ ಇದೇ ರೋಗ ಇದೆ ಎಂದು 1999ರಲ್ಲೇ ವರದಿ ಬಂದಿತ್ತು.

ಇನ್ನು ನಿಮ್ಮ 2008. ಅಂತರರಾಷ್ಟ್ರೀಯ ಒಪ್ಪಂದಕ್ಕೆ ಕೈ ಎತ್ತಿದ್ದು 2001ರ ಅಕ್ಟೋಬರಿನಲ್ಲಿ, ಜಾರಿಗೆ ಬಂದದ್ದು 2008ರ ಸೆಪ್ಟೆಂಬರ್ 17ಕ್ಕೆ. ನಡುವಿನ ಏಳು ವರ್ಷ ಸಾಕಷ್ಟು ದೇಶಗಳು, ಸಾಕಷ್ಟು ಹಡಗುಗಳು ಒಪ್ಪಲಿ ಎಂದು ಕಾದದ್ದು. ಅದರಲ್ಲೂ ಒಂದು ಸಂದು ಇತ್ತು. ಹಳೆ ಬಣ್ಣ ಕೆರೆದು ತೆಗೆಯಲೇಬೇಕು ಅಂತೇನಿಲ್ಲ, ಮೇಲೆ ಇನ್ನೊಂದು ಪದರ ಬಳಿದು ಮುಚ್ಚಿದರೂ ಆಗುತ್ತಿತ್ತು.

ನಿಷೇಧ ಆಗಿದ್ದು ಬಣ್ಣಕ್ಕೆ. ಕೆಸರಿಗೆ ಯಾರೂ ನೋಟಿಸ್ ಕೊಟ್ಟಿಲ್ಲವಲ್ಲ! ನೀರಿನಲ್ಲಿ ಟಿಬಿಟಿ ಜಾಸ್ತಿ ದಿನ ಬಾಳುವುದಿಲ್ಲ, ಬಿಸಿಲು, ಬ್ಯಾಕ್ಟೀರಿಯಾ ಸೇರಿ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಅರ್ಧ ಮುರಿದುಹಾಕುತ್ತವೆ. ಆದರೆ ನುಣ್ಣನೆ ಜೇಡಿಗೆ, ಕೊಳೆತ ಕಸಕ್ಕೆ ಅದು ಬೇಗ ಅಂಟಿಕೊಳ್ಳುತ್ತದೆ, ತಳ ಸೇರುತ್ತದೆ. ದಕ್ಕೆಯ ಕೆಸರು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಮೇಲೆ ಬೂದಿ ಬಣ್ಣ, ಒಂದು ಗೇಣು ಕೆಳಗೆ ಕಡುಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಆ ಕಪ್ಪಿನಲ್ಲಿ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ. ಅಂಥ ಕಡೆ ಅದು ವರ್ಷಗಟ್ಟಲೆ, ಕೆಲವೆಡೆ ದಶಕಗಟ್ಟಲೆ ಹಾಗೇ ಕೂತಿರುತ್ತದೆ. ಹೂಳೆತ್ತಿದ ದಿನ ಮತ್ತೆ ಮೇಲೆ ಬರುತ್ತದೆ. ಅದಕ್ಕೇ ಬ್ರಿಟನ್ನಿನಲ್ಲಿ ಬಂದರಿನ ಹೂಳನ್ನು ಕಡಲಿಗೆ ಸುರಿಯುವ ಮೊದಲು ಪರೀಕ್ಷೆ ಮಾಡುತ್ತಾರೆ. ಒಣಗಿದ ಒಂದು ಕಿಲೋ ಕೆಸರಿನಲ್ಲಿ ಟಿಬಿಟಿ ಒಂದು ಮಿಲಿಗ್ರಾಂ ದಾಟಿದರೆ ಸುರಿಯಲು ಸಾಮಾನ್ಯವಾಗಿ ಅನುಮತಿ ಸಿಗುವುದಿಲ್ಲ. ತಾಮ್ರಕ್ಕೆ ಆ ಮಿತಿ 400 ಮಿಲಿಗ್ರಾಂ.

ತಾಮ್ರ ಯಾಕೆ ಬಂತು ಅಂತೀರಾ? ಟಿಬಿಟಿ ಹೋದ ಜಾಗಕ್ಕೆ ಬಂದದ್ದೇ ಅದು. ಈಗಿನ ಬಹುಪಾಲು ತಳದ ಬಣ್ಣಗಳಲ್ಲಿ ಇರುವುದು ತಾಮ್ರದ ಆಕ್ಸೈಡ್, ಜೊತೆಗೆ ಪಾಚಿ ಕೊಲ್ಲಲು ಇನ್ನೊಂದು ಮದ್ದು. ಅಂಥ ಒಂದು ಮದ್ದು ಇರ್ಗರಾಲ್, ಅದನ್ನೂ 2023ರ ಜನವರಿಯಿಂದ ನಿಷೇಧದ ಪಟ್ಟಿಗೆ ಸೇರಿಸಿದ್ದಾರೆ. ತಾಮ್ರ ಟಿಬಿಟಿಯಷ್ಟು ಕ್ರೂರಿ ಅಲ್ಲ, ಒಪ್ಪುತ್ತೇನೆ. ಆದರೆ ಅದು ಲೋಹ, ಮುರಿದು ಬೇರೆ ಏನೋ ಆಗುವುದಿಲ್ಲ. ಹಾವು ಸತ್ತಿಲ್ಲ, ಪೊರೆ ಬಿಟ್ಟಿದೆ.

ಡೀಸೆಲ್ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವೇ. ತಳಕ್ಕೆ ಚಿಪ್ಪು ಕಟ್ಟಿದ ಬೋಟು ಎಣ್ಣೆ ಕುಡಿಯುತ್ತದೆ, ನಾನೇನೂ ಬಣ್ಣ ಬಿಡಿ ಎನ್ನುತ್ತಿಲ್ಲ. ವಿಷವಿಲ್ಲದ ಸಿಲಿಕಾನ್ ಲೇಪ ಬಂದಿದೆ, ಆದರೆ ಅದು ವೇಗವಾಗಿ ಓಡುವ ಹಡಗಿಗೆ ಸರಿ. ನಿಧಾನಕ್ಕೆ ಬಲೆ ಎಳೆಯುವ, ಎರಡು ತಿಂಗಳು ದಕ್ಕೆಯಲ್ಲಿ ನಿಲ್ಲುವ ಟ್ರಾಲ್ ಬೋಟಿಗೆ ಸುಮ್ನೆ ಖರ್ಚು. ನಾನು ಕೇಳುವುದು ಇಷ್ಟೇ. ಜೂನ್, ಜುಲೈ ರಜೆಯಲ್ಲಿ ಬೋಟು ಮೇಲೆಳೆದು ಹಳೆ ಬಣ್ಣ ಕೆರೆಯುತ್ತೀರಲ್ಲ, ಆ ಸಿಪ್ಪೆ ಎಲ್ಲಿಗೆ ಹೋಗುತ್ತದೆ? ಮೊದಲ ಜೋರು ಮಳೆಗೆ ಸೀದಾ ನೀರಿಗೆ. ಕರಗಿ ಹೋಗುವ ವಿಷಕ್ಕಿಂತ ಈ ಸಿಪ್ಪೆ ಕೆಟ್ಟದ್ದು, ಯಾಕೆಂದರೆ ಒಂದೊಂದು ಚೂರೂ ವಿಷದ ಗಂಟು. ಅಡಿಗೆ ಒಂದು ಟಾರ್ಪಾಲು ಹಾಸಿ, ಗುಡಿಸಿ ಚೀಲಕ್ಕೆ ತುಂಬಿ, ಮಳೆ ತಾಗದ ಕಡೆ ಇಡಿ. ಚೀಲ ತೆಗೆದುಕೊಂಡು ಹೋಗುವ ವ್ಯವಸ್ಥೆ ಬಂದರಿನವರು ಮಾಡಬೇಕು, ಅದಕ್ಕೆ ನಿಮ್ಮ ಸಂಘದಿಂದ ಒಂದು ಅರ್ಜಿ ಕೊಡಿ.

ಈಗ ತೆಂಗು. ಬೋಟು ಕೆರೆಯುವ ಜಾಗದ ಸುತ್ತಲಿನ ಹೂಳು ತೋಟಕ್ಕೆ ಖಂಡಿತ ಬೇಡ, ಬಿಟ್ಟಿ ಕೊಟ್ಟರೂ ಬೇಡ. ಉಪ್ಪನ್ನಾದರೆ ಒಂದು ಮಳೆಗಾಲ ತೊಳೆಯುತ್ತದೆ, ತಾಮ್ರವನ್ನು ತೊಳೆಯುವುದಿಲ್ಲ. ಲಾರಿಯವನು 'ಟೆಸ್ಟ್ ಆಗಿದೆ' ಎಂದರೆ ಏನು ಟೆಸ್ಟ್ ಅಂತ ಕೇಳಿ. ಮಾಮೂಲಿ ಮಣ್ಣಿನ ಪರೀಕ್ಷೆಯಲ್ಲಿ ಸಾರಜನಕ, ರಂಜಕ, ಪೊಟ್ಯಾಶ್ ನೋಡುತ್ತಾರೆ, ಕೇಳಿದರೆ ತಾಮ್ರವನ್ನೂ ನೋಡಿಯಾರು. ಟಿಬಿಟಿ ಅದರಲ್ಲಿ ಸಿಗುವುದಿಲ್ಲ, ಅದಕ್ಕೆ ಬೇರೆಯೇ ಯಂತ್ರ ಬೇಕು. ದಕ್ಕೆಯಿಂದ ದೂರ, ಹೊಳೆಯ ಮೇಲ್ಭಾಗದಿಂದ ತೆಗೆದ ಹೂಳು ಸಿಕ್ಕರೆ ಧಾರಾಳವಾಗಿ ಹಾಕಿ.

ಅಂದಹಾಗೆ, ನಿಮ್ಮ ಅಜ್ಜ ಮರದ ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅದಕ್ಕೆ ಏನು ಬೆರೆಸುತ್ತಿದ್ದರು, ಎಷ್ಟು ದಿನಕ್ಕೊಮ್ಮೆ ಬಳಿಯುತ್ತಿದ್ದರು, ಕೈ ಸುಡುತ್ತಿರಲಿಲ್ಲವೇ? ಮುಂದಿನ ಕಾಗದದಲ್ಲಿ ಬರೆಯಿರಿ, ಎರಡು ಪುಟ ಆದರೂ ಹಾಕುತ್ತೇವೆ.

– ಸಂ.