ನಡಿಗೆ, ಶಟಲ್, ಜಿಮ್: ಎಲ್ಲಕ್ಕೂ ಒಂದೇ ಶೂ ಸಾಕೇ?

ಕಾರವಾರದ ಕಡಲತೀರದಲ್ಲಿ ಬೆಳಗಿನ ನಡಿಗೆ, ವಾರಕ್ಕೆರಡು ಸಂಜೆ ಶಟಲ್, ನಡುವೆ ಜಿಮ್. ಇವೆಲ್ಲಕ್ಕೂ ಆಗುವ ಒಂದೇ ಶೂ ಯಾವುದು, ಬೆಳಿಗ್ಗೆ ಎದ್ದ ಕೂಡಲೇ ಹಿಮ್ಮಡಿ ಬೇರೆ ಚುಚ್ಚುತ್ತದೆ ಎಂದು ಕೇಳಿದ್ದೀರಿ. ಒಂದು ಜೋಡಿ ಸಾಲದು. ಅಂಗಡಿಯವರು ಹೇಳುವಂತೆ ನಾಲ್ಕೂ ಬೇಡ. ಎರಡು ಸಾಕು.

ನಾನೂ ನಿಮ್ಮಂತೆಯೇ ಉಳಿತಾಯದ ಲೆಕ್ಕ ಹಾಕಿದವನು. ಠಾಗೋರ್ ಕಡಲತೀರದಲ್ಲಿ ಓಡುವ ಶೂವನ್ನೇ ಹಾಕಿಕೊಂಡು ಶಟಲ್ ಆಡುತ್ತಿದ್ದೆ. ಒಂದು ಸಂಜೆ ಎಡಕ್ಕೆ ಜಿಗಿದಾಗ ಶೂ ಇದ್ದಲ್ಲೇ ನಿಂತಿತು, ಪಾದ ಅದರ ಅಂಚು ದಾಟಿ ಹೊರಳಿತು. ಮೂರು ವಾರ ಕಣಕಾಲಿಗೆ ಪಟ್ಟಿ. ತಪ್ಪು ಶೂವಿನದಲ್ಲ. ಓಟದ ಶೂ ಇರುವುದೇ ಮುಂದಕ್ಕೆ ಸಾಗಲು. ಅಡಿಯಲ್ಲಿ ದಪ್ಪ ಮೆತ್ತೆ, ಅನೇಕ ಮಾದರಿಗಳಲ್ಲಿ ಹಿಮ್ಮಡಿ ಬೆರಳುಗಳಿಗಿಂತ 8ರಿಂದ 12 ಮಿಲಿಮೀಟರ್ ಎತ್ತರ. ಅದರ ಮೇಲೆ ನಿಂತು ಅಡ್ಡಡ್ಡ ನೆಗೆಯುವುದು ಹಾಸಿಗೆಯ ಮೇಲೆ ಕುಣಿದಂತೆ. ಶಟಲ್ ಶೂ ನೆಲಕ್ಕೆ ತಗ್ಗಾಗಿರುತ್ತದೆ, ಬದಿಗಳು ಬಿಗಿ, ಅಡಿಯ ರಬ್ಬರ್ ಮರದ ನೆಲವನ್ನು ಹಿಡಿಯುತ್ತದೆ. ಜಿಮ್‌ನಲ್ಲಿ ಭಾರ ಎತ್ತುವಾಗಲೂ ಬೇಕಾದದ್ದು ಅಲುಗದ, ಚಪ್ಪಟೆಯಾದ ಅಡಿಯೇ. ಹಾಗಾಗಿ ಆ ಜೋಡಿಯೇ ಅಲ್ಲಿಗೂ ನಡೆಯುತ್ತದೆ.

ನಡಿಗೆಗೆ ಮೆತ್ತೆಯ ಓಟದ ಶೂ ಇರಲಿ. ಆ ಜೋಡಿಯನ್ನು ಸಂಜೆ ಹೋಗಿ ಕೊಳ್ಳಿ. ದಿನವಿಡೀ ಓಡಾಡಿದ ಪಾದ ಆ ಹೊತ್ತಿಗೆ ಸ್ವಲ್ಪ ಊದಿರುತ್ತದೆ. ನಿಮ್ಮದೇ ಸಾಕ್ಸ್ ಒಯ್ಯಿರಿ. ಎರಡೂ ಕಾಲಿಗೆ ಹಾಕಿ ಎದ್ದು ನಿಂತರೆ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಚಪ್ಪಲಿಯಲ್ಲೇ ಬೆಳೆದ ನಮ್ಮ ಪಾದ ಮುಂದೆ ಅಗಲ. ಅಗಲ ಸಾಲದೆಂದು ಒಂದು ನಂಬರ್ ದೊಡ್ಡದು ಕೊಂಡರೆ ಹಿಮ್ಮಡಿ ಜಾರುತ್ತದೆ, ಅಗಲದ ಮಾದರಿಯನ್ನೇ ಕೇಳಿ. ಬಳಿಕ ಶೂವನ್ನು ಕೈಯಲ್ಲಿ ಹಿಡಿದು ಬಗ್ಗಿಸಿ. ಬೆರಳುಗಳ ಬುಡದಲ್ಲಿ ಬಗ್ಗಬೇಕು. ನಟ್ಟನಡುವೆ ಹಪ್ಪಳದಂತೆ ಮಡಚಿಕೊಂಡರೆ ಅಲ್ಲೇ ಇಟ್ಟು ಬನ್ನಿ, ಎಷ್ಟೇ ರಿಯಾಯಿತಿ ಇರಲಿ.

ಎದ್ದ ಮೊದಲ ಹೆಜ್ಜೆಗೇ ಚುಚ್ಚಿ, ನಡೆದಂತೆ ಕಡಿಮೆಯಾಗುವ ನೋವು ಹೆಚ್ಚಾಗಿ ಅಂಗಾಲಿನಲ್ಲಿ ಹಿಮ್ಮಡಿಯಿಂದ ಬೆರಳುಗಳವರೆಗೆ ಹಬ್ಬಿದ ನಾರಿನ ಪಟ್ಟಿಯದು. ವೈದ್ಯರು ಪ್ಲಾಂಟರ್ ಫ್ಯಾಸಿಯೈಟಿಸ್ ಎನ್ನುತ್ತಾರೆ. ಶೂ ಒಂದರಿಂದಲೇ ಹೋಗುವುದಿಲ್ಲ. ಗೋಡೆಗೆ ಕೈಕೊಟ್ಟು ಮೀನಖಂಡವನ್ನು ದಿನವೂ ಎಳೆಯಿರಿ, ಮನೆಯ ಟೈಲ್ಸ್ ಮೇಲೆ ಬರಿಗಾಲಲ್ಲಿ ತಿರುಗುವುದನ್ನು ಬಿಡಿ. ಸಡಿಲ ಮರಳನ್ನೂ ಸದ್ಯಕ್ಕೆ ಬಿಡಿ, ಹಿಮ್ಮಡಿ ಹೂತು ಎಳೆತ ಹೆಚ್ಚುತ್ತದೆ. ನೀರಂಚಿನ ಗಟ್ಟಿ ಮರಳು ಕಡಲ ಕಡೆಗೆ ಇಳಿಜಾರು, ಒಂದು ಕಾಲು ಸದಾ ತಗ್ಗಿನಲ್ಲಿ. ಹೋದ ದಾರಿಯಲ್ಲೇ ಮರಳಿದರೆ ಎರಡಕ್ಕೂ ಸಮ. ಕೆಲವು ವಾರಗಳಲ್ಲಿ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ.

ನಮ್ಮ ಜಿಲ್ಲೆಯಲ್ಲಿ ಶೂವಿನ ನಿಜವಾದ ಶತ್ರು ತೇವ. ಶಿರಸಿಯ ಮಾವನ ಮನೆಯ ಕಪಾಟಿನಲ್ಲಿ ನಾಲ್ಕು ವರ್ಷ ಜೋಪಾನವಾಗಿಟ್ಟಿದ್ದ ಚಾರಣದ ಶೂ ಹಾಕಿಕೊಂಡು ಯಾಣಕ್ಕೆ ಹೊರಟೆ. ಉಂಬಳಕ್ಕೆ, ಅಂದರೆ ಜಿಗಣೆಗೆ, ಹೆದರಿ ಸಾಕ್ಸಿಗೆ ಹೊಗೆಸೊಪ್ಪಿನ ಪುಡಿಯನ್ನೂ ಉಜ್ಜಿದ್ದೆ. ಅರ್ಧ ದಾರಿಯಲ್ಲಿ ಅಡಿ ಗೆದ್ದಲು ತಿಂದ ಹಲಗೆಯಂತೆ ಪುಡಿಪುಡಿಯಾಗಿ ಉದುರಿತು. ಇಂಥ ಶೂವಿನ ಅಡಿಯಲ್ಲಿರುವ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಮೆತ್ತೆ ಗಾಳಿಯ ತೇವಕ್ಕೆ ಒಳಗೊಳಗೇ ಕಳಚಿಕೊಳ್ಳುತ್ತದೆ, ಹಾಕದೆ ಇಟ್ಟರೂ ಸರಿಯೇ. ಉಂಬಳ ಮಾತ್ರ ಒಂದೂ ಹತ್ತಲಿಲ್ಲ.

ಆದ್ದರಿಂದ ಕೊಂಡದ್ದನ್ನು ತುಳಿದು ಸವೆಸಿ. ಓಟದ ಶೂವಿನ ಮೆತ್ತೆಗೆ 500ರಿಂದ 800 ಕಿಲೋಮೀಟರ್ ಆಯಸ್ಸು ಎನ್ನುವುದು ಸಾಮಾನ್ಯ ಲೆಕ್ಕ. ಉಪ್ಪುನೀರು ತಾಗಿದರೆ ಸಿಹಿನೀರಿನಲ್ಲಿ ತೊಳೆದು, ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿಡಿ. ಬಚ್ಚಲ ಒಲೆಯ ಪಕ್ಕ ಒಣಗಿಸಿದರೆ ಅಂಟು ಬಿಡುತ್ತದೆ. ಅಂಗಡಿಗೆ ಹೋಗುವಾಗ ಈಗಿನ ಶೂವನ್ನು ಚೀಲದಲ್ಲಿ ಹಾಕಿಕೊಳ್ಳಿ; ಅಡಿ ಎಲ್ಲಿ ಸವೆದಿದೆ ಎಂದು ನೋಡಲು ಬಲ್ಲ ಅಂಗಡಿಯವನು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.